ಮನೆಯಲ್ಲೇ ಕಲಿಯುವ ಮಗುವಿಗೆ ಅಗ್ಗದ ಲೆಕ್ಕದ ಆಟಗಳು: ಎರಡು ವರ್ಷ ಬಳಸಿದ ಮೇಲೆ

ನಮ್ಮ ಮನೆ ಕಾಸರಗೋಡು ಜಿಲ್ಲೆಯ ಪೆರ್ಲದ ಸಮೀಪ, ಅಡಿಕೆ ತೋಟದ ನಡುವೆ ಇದೆ. ಮಗಳಿಗೆ ಈಗ ಎಂಟು ವರ್ಷ. ಆರು ತುಂಬಿದಾಗಿನಿಂದ ಅವಳನ್ನು ಮನೆಯಲ್ಲೇ ಕಲಿಸುತ್ತಿದ್ದೇವೆ. ಅದಕ್ಕೆ ಕಾರಣಗಳೇನು ಎಂಬುದು ಈ ಬರಹಕ್ಕೆ ಬೇಡದ ವಿಷಯ. ಪಾಠಕ್ಕೆ ಆಧಾರ ಕೇರಳದ ಎಸ್‌ಸಿಇಆರ್‌ಟಿ (ರಾಜ್ಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಮಂಡಳಿ) ಇಲ್ಲಿನ ಕನ್ನಡ ಮಾಧ್ಯಮ ಶಾಲೆಗಳಿಗಾಗಿ ಹೊರತರುವ ಗಣಿತ ಪುಸ್ತಕ. ಮುಂದೆ ಎನ್‌ಐಒಎಸ್ (ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ) ನಡೆಸುವ ಮುಕ್ತ ಮೂಲ ಶಿಕ್ಷಣದ ಪರೀಕ್ಷೆ ಬರೆಸಬೇಕೆಂದಿದ್ದೇವೆ. ಅದರಲ್ಲಿ ‘ಎ’ ಹಂತವು ಮೂರನೆಯ ತರಗತಿಗೂ ‘ಬಿ’ ಹಂತವು ಐದನೆಯ ತರಗತಿಗೂ ಸಮಾನ. ಪುಸ್ತಕದ ಲೆಕ್ಕಗಳು ಮುಗಿದ ಮೇಲೂ ಕೂಡಿಸುವುದು, ಕಳೆಯುವುದು ಬಾಯಿಗೆ ಬಾರದೆ ಉಳಿದಾಗ ಅಭ್ಯಾಸಕ್ಕೆಂದು ಕೆಲವು ಆಟಗಳನ್ನು ಕೊಂಡೆವು. ಎರಡು ಕಟ್ಟು ಇಸ್ಪೀಟಿಗೆ 100 ರೂಪಾಯಿ, ಹಾವು–ಏಣಿ ಮತ್ತು ಲೂಡೋ ಇರುವ ಹಲಗೆಗೆ 130, ಮಗ್ಗಿಯ ಕಾರ್ಡುಗಳ ಡಬ್ಬಕ್ಕೆ 349, ‘ಶಟ್ ದ ಬಾಕ್ಸ್’ ಎಂಬ ಮರದ ಆಟಕ್ಕೆ 450, ಮೊಬೈಲಿನ ಆಪ್‌ಗೆ ವರ್ಷಕ್ಕೆ 799. ಒಟ್ಟು 1,828 ರೂಪಾಯಿ. ಅಟ್ಟದಲ್ಲಿದ್ದ ಅತ್ತೆಯವರ ಚೆನ್ನೆಮಣೆಗೆ (ಅಳಗುಳಿ ಮಣೆ) ಖರ್ಚೇನೂ ಇರಲಿಲ್ಲ.

ಹಾವು–ಏಣಿಯಿಂದ ಆರಂಭಿಸುತ್ತೇನೆ, ಏಕೆಂದರೆ ನಾನು ಮೊದಲು ತಪ್ಪು ಮಾಡಿದ್ದು ಅದರಲ್ಲಿ. ದಾಳ ಉರುಳಿಸಿ ಕಾಯಿ ನಡೆಸಿದರೆ ಸಂಖ್ಯೆಗಳು ತಾವಾಗಿ ಮನಸ್ಸಿಗೆ ಇಳಿಯುತ್ತವೆ ಎಂದು ನಂಬಿದ್ದೆ. ಮಗಳು 37ರಲ್ಲಿದ್ದು ಐದು ಬಿದ್ದರೆ “ಒಂದು, ಎರಡು, ಮೂರು, ನಾಲ್ಕು, ಐದು” ಎಂದು ಮನೆಗಳನ್ನು ಎಣಿಸಿ, ತಲುಪಿದ ಮನೆಯಲ್ಲಿ ಹಾವಿದೆಯೋ ಏಣಿಯಿದೆಯೋ ಎಂದಷ್ಟೇ ನೋಡುತ್ತಿದ್ದಳು. ಮೂರು ತಿಂಗಳು ಆಡಿದರೂ 37ಕ್ಕೆ 5 ಕೂಡಿಸಿದರೆ ಎಷ್ಟೆಂದು ಕೇಳಿದಾಗ ಬೆರಳು ಮಡಚುವುದು ತಪ್ಪಲಿಲ್ಲ. ಇಂಥ ಹಲಗೆಯಾಟಗಳಿಂದ ಸಣ್ಣ ಮಕ್ಕಳ ಸಂಖ್ಯಾಜ್ಞಾನ ಬೆಳೆಯುತ್ತದೆಂದು 2008ರಲ್ಲಿ ಗೀತಾ ರಮಣಿ ಮತ್ತು ರಾಬರ್ಟ್ ಸೀಗ್ಲರ್ ಎಂಬ ಸಂಶೋಧಕರು ತೋರಿಸಿದ್ದರು. ಆದರೆ ಸೀಗ್ಲರ್ ಅವರೂ ಸೇರಿ ನಡೆಸಿದ 2014ರ ಇನ್ನೊಂದು ಅಧ್ಯಯನದಲ್ಲಿ, ನಿಂತ ಮನೆಯ ಸಂಖ್ಯೆಯಿಂದ ಮುಂದಕ್ಕೆ ಎಣಿಸಿದ ಮಕ್ಕಳು ಪ್ರತಿ ಸಲ ಒಂದರಿಂದ ಎಣಿಸಿದವರಿಗಿಂತ ಹೆಚ್ಚು ಕಲಿತದ್ದು ಕಂಡುಬಂದಿತ್ತು. ಇದನ್ನು ಓದಿದ ಮೇಲೆ ಮನೆಯಲ್ಲಿ ಒಂದೇ ನಿಯಮ ತಂದೆ: ಕಾಯಿ ನಡೆಸುವಾಗ “ಮೂವತ್ತೆಂಟು, ಮೂವತ್ತೊಂಬತ್ತು, ನಲವತ್ತು, ನಲವತ್ತೊಂದು, ನಲವತ್ತೆರಡು” ಎಂದು ಬಾಯಿಬಿಟ್ಟು ಹೇಳಬೇಕು, ಹೇಳದಿದ್ದರೆ ಕಾಯಿ ಹಿಂದಕ್ಕೆ. ಮೊದಲ ವಾರ ಜಗಳವಾಯಿತು. ಆರು ವಾರಗಳಲ್ಲಿ ಬೆರಳು ಬಿಟ್ಟಳು.

ಬಾಯಿಬಿಟ್ಟು ಹೇಳಿಸಿದ್ದರಿಂದ ನಾನು ಊಹಿಸದಿದ್ದ ಇನ್ನೊಂದು ತೊಡಕೂ ಹೊರಬಿತ್ತು. ಅವಳು ‘ಒಂಬತ್ತು’ ಮತ್ತು ‘ತೊಂಬತ್ತು’ಗಳನ್ನು ಆಗಾಗ ಅದಲುಬದಲು ಮಾಡುತ್ತಿದ್ದಳು, ಅಷ್ಟು ನನಗೆ ಗೊತ್ತಿತ್ತು. ಒಂದು ದಿನ ಪಕ್ಕದ ಮನೆಯ ಮಲಯಾಳ ಮಾತನಾಡುವ ಹುಡುಗ ಆಟಕ್ಕೆ ಬಂದವನು 90ರ ಮನೆಗೆ ಬಂದು “ತೊಣ್ಣೂರು” ಎಂದ. ಮಗಳು ಒಪ್ಪಲಿಲ್ಲ. “ಅಮ್ಮಾ, ತೊಣ್ಣೂರು ನೂರಕ್ಕಿಂತ ಜಾಸ್ತಿ ಅಲ್ಲವಾ? ಅದರಲ್ಲಿ ನೂರು ಇದೆಯಲ್ಲ!” ಎಂದು ನನ್ನನ್ನು ಕೇಳಿದಳು. ಮಲಯಾಳದಲ್ಲಿ ತೊಂಬತ್ತರ ಹೆಸರಿನೊಳಗೆ ನೂರು, ಒಂಬೈನೂರಕ್ಕೆ ಹೇಳುವ ‘ತೊಳ್ಳಾಯಿರಂ’ನೊಳಗೆ ಸಾವಿರ ಅಡಗಿ ಕೂತಿರುವುದು ನನಗೂ ಆಗಲೇ ಹೊಳೆದದ್ದು. ಎರಡು ಭಾಷೆಗಳ ನಡುವೆ ಬೆಳೆಯುವ ಇಲ್ಲಿನ ಮಕ್ಕಳಿಗೆ ಅಂಕಿಯನ್ನು ನೋಡುವುದು ಬೇರೆ, ಕೇಳುವುದು ಬೇರೆ. ಆ ದಿನದಿಂದ ಆಟದಲ್ಲಿ ಇಬ್ಬರೂ ತಮ್ಮ ತಮ್ಮ ಭಾಷೆಯಲ್ಲಿ ಸಂಖ್ಯೆ ಹೇಳುತ್ತಾರೆ, ಇನ್ನೊಬ್ಬರು ಹಲಗೆಯಲ್ಲಿ ಅದನ್ನು ಬೆರಳಿಟ್ಟು ತೋರಿಸಬೇಕು.

ಈ ಹಲಗೆಯ ದೋಷವನ್ನೂ ಹೇಳಬೇಕು. ಹಾವು–ಏಣಿಯಲ್ಲಿ ಸಾಲುಗಳು ಒಮ್ಮೆ ಎಡದಿಂದ ಬಲಕ್ಕೆ, ಒಮ್ಮೆ ಬಲದಿಂದ ಎಡಕ್ಕೆ ಸಾಗುವುದರಿಂದ 37ರ ನೇರ ಮೇಲೆ 47ರ ಬದಲು 44 ಇರುತ್ತದೆ. ಹತ್ತು ಕೂಡಿಸಿದರೆ ಒಂದು ಸಾಲು ಮೇಲೆ ಎಂಬ ಸರಳ ಸಂಗತಿ ಅದರಲ್ಲಿ ಕಾಣುವುದೇ ಇಲ್ಲ. ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂಬದಿಯಲ್ಲಿ ಎಲ್ಲ ಸಾಲುಗಳೂ ಒಂದೇ ದಿಕ್ಕಿಗೆ ಹೋಗುವಂತೆ ನೂರು ಮನೆ ಬರೆದು, ಅದೇ ದಾಳ, ಅದೇ ಕಾಯಿಗಳಿಂದ ಆಡಿಸಿದೆ. ಹಾವುಗಳನ್ನು ಮಗಳೇ ಬಿಡಿಸಿದಳು. ಏಣಿಗಳಿಗಿಂತ ಹಾವುಗಳೇ ಹೆಚ್ಚಾದವು.

ಇಸ್ಪೀಟಿಗೆ ಮನೆಯಲ್ಲಿ ವಿರೋಧವಿತ್ತು. ಜೂಜಿನ ವಸ್ತುವನ್ನು ಮಗುವಿನ ಕೈಗೆ ಕೊಡುವುದೇ ಎಂದು ಮಾವನವರು ಎರಡು ದಿನ ಮುಖ ಗಂಟಿಕ್ಕಿದರು. ಆದರೆ ಕೊಂಡ ವಸ್ತುಗಳಲ್ಲಿ ಕೊಟ್ಟ ಹಣಕ್ಕೆ ಅತಿ ಹೆಚ್ಚು ದುಡಿದದ್ದು ಇದೇ. ಹತ್ತನ್ನೂ ರಾಜ, ರಾಣಿ, ಗುಲಾಮರನ್ನೂ ತೆಗೆದಿಟ್ಟು, ಎಕ್ಕವನ್ನು ಒಂದೆಂದು ಎಣಿಸಿದರೆ ಒಂದು ಕಟ್ಟಿನಲ್ಲಿ 36 ಎಲೆಗಳು ಉಳಿಯುತ್ತವೆ. ಕೂಡಿಸಿದರೆ ಹತ್ತಾಗುವ ಜೋಡಿಗಳನ್ನು ಹುಡುಕುವುದು ಮೊದಲ ಆಟ. ತಪ್ಪಿಲ್ಲದೆ ಆಡಿದರೆ ಸರಿಯಾಗಿ 18 ಜೋಡಿಗಳಾಗಿ ಏನೂ ಉಳಿಯುವುದಿಲ್ಲ, ಆದ್ದರಿಂದ ಕೊನೆಗೆ ಜೋಡಿಯಾಗದ ಎಲೆ ಉಳಿದರೆ ಎಲ್ಲೋ ತಪ್ಪಾಗಿದೆ ಎಂದು ಮಗುವಿಗೇ ಗೊತ್ತಾಗುತ್ತದೆ, ನಾನು ಹೇಳಬೇಕಿಲ್ಲ. ಎರಡನೆಯ ವರ್ಷದಲ್ಲಿ ಕಪ್ಪು ಎಲೆ ಬಂದರೆ ಕೂಡಿಸು, ಕೆಂಪು ಬಂದರೆ ಕಳೆ ಎಂಬ ಆಟಕ್ಕೆ ಬಂದೆವು. ಅವಳ ಬಳಿ ಮೂರು ಅಂಕ ಇದ್ದಾಗ ಕೆಂಪು ಐದು ಬಂತು. ಆಟ ನಿಲ್ಲಿಸಬೇಕಾಗುತ್ತದೇನೋ ಎಂದು ನಾನು ಯೋಚಿಸುತ್ತಿರುವಾಗಲೇ “ಎರಡು ಸಾಲ ಬರಕೋ” ಎಂದಳು. ಋಣಸಂಖ್ಯೆಯ ಪಾಠ ಅವಳ ಪುಸ್ತಕದಲ್ಲಿ ಬರುವುದು ಇನ್ನೂ ಎಷ್ಟೋ ದೂರದಲ್ಲಿದೆ. ಅಂಗಡಿಯ ಸಾಲದ ಪುಸ್ತಕ ನೋಡಿ ಬೆಳೆದ ಮಕ್ಕಳಿಗೆ ಅದು ಅಷ್ಟೇನೂ ಕಷ್ಟವಾಗಲಾರದು. ಈಗ ಮಾವನವರೂ ಸಂಜೆ ಒಂದು ಕೈ ಆಡುತ್ತಾರೆ.

ಶಟ್ ದ ಬಾಕ್ಸ್ ಆಟದ ಕಲ್ಪನೆ ಒಳ್ಳೆಯದು, ನಮಗೆ ಬಂದ ವಸ್ತು ಕಳಪೆ. ಒಂದರಿಂದ ಒಂಬತ್ತರವರೆಗಿನ ಹಲಗೆಗಳು ಎದ್ದು ನಿಂತಿರುತ್ತವೆ. ಎರಡು ದಾಳಗಳ ಮೊತ್ತಕ್ಕೆ ಸಮನಾಗುವ ಹಲಗೆಗಳನ್ನು ಮಗುಚುತ್ತ ಹೋಗಬೇಕು. ಎಲ್ಲವನ್ನೂ ಮಗುಚಿದರೆ ಗೆಲುವು. ಒಂಬತ್ತು ಬಿದ್ದಾಗ ಒಂಬತ್ತನ್ನೇ ಮಗುಚಬಹುದು, ಎಂಟು–ಒಂದು ಆಗಬಹುದು, ಆರು–ಎರಡು–ಒಂದು ಕೂಡ ಆಗಬಹುದು. ಹೀಗೆ ಒಟ್ಟು ಎಂಟು ದಾರಿಗಳಿವೆ. ಮಗಳು ಏಳನ್ನು ತಾನಾಗಿ ಕಂಡುಕೊಂಡು, ನಾಲ್ಕು–ಮೂರು–ಎರಡನ್ನು ಮಾತ್ರ ವಾರಗಟ್ಟಲೆ ಬಿಟ್ಟುಬಿಟ್ಟಿದ್ದಳು. ಸಂಖ್ಯೆಯನ್ನು ಒಡೆದು ನೋಡುವ ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಆಟ ನನಗೆ ಸಿಕ್ಕಿಲ್ಲ. ಆದರೆ ನಮ್ಮ ಮಳೆಗಾಲದ ತೇವಕ್ಕೆ ಮರ ಉಬ್ಬಿ ನಾಲ್ಕು ಮತ್ತು ಏಳರ ಹಲಗೆಗಳು ಅಲುಗಾಡದಂತೆ ಕೂತವು. ಬಲವಾಗಿ ಎತ್ತಿದಾಗ ಏಳರ ಹಲಗೆ ಕಿತ್ತೇ ಬಂತು. ಬದಲಿಸಿ ಕೊಡಲು ಕೇಳಿದರೆ ಮಾರಿದವರಿಂದ ಉತ್ತರವಿಲ್ಲ. ಎಕ್ಕದಿಂದ ಒಂಬತ್ತರವರೆಗಿನ ಇಸ್ಪೀಟು ಎಲೆಗಳನ್ನು ಸಾಲಾಗಿ ಇಟ್ಟರೆ ಇದೇ ಆಟ ಆಡಬಹುದೆಂದು ಆಮೇಲೆ ತಿಳಿಯಿತು. 450 ರೂಪಾಯಿ ದಂಡ.

ಮಗ್ಗಿಯ ಡಬ್ಬದಲ್ಲಿ ನೂರು ಕಾರ್ಡುಗಳಿದ್ದವು, ಮಗು ನೋಡಿದೊಡನೆ ಹೆದರಿತು. ಅವುಗಳಲ್ಲಿ 7×8 ಮತ್ತು 8×7 ಎರಡೂ ಬೇರೆ ಬೇರೆ ಕಾರ್ಡುಗಳು. ಒಂದು, ಎರಡು, ಐದು, ಹತ್ತರ ಮಗ್ಗಿಗಳು ಬರುತ್ತಿದ್ದುದರಿಂದ ಅವನ್ನೂ, ತಿರುವು ಮುರುವಾಗಿ ಎರಡೆರಡು ಸಲ ಬಂದವನ್ನೂ ತೆಗೆದುಹಾಕಿದರೆ ಕಲಿಯಲು ಉಳಿದದ್ದು ಬರೇ 21. ಆ ಇಪ್ಪತ್ತೊಂದನ್ನು ರಬ್ಬರ್ ಬ್ಯಾಂಡ್ ಹಾಕಿ ಬೇರೆ ಇಟ್ಟೆವು. ಕಲಿತವನ್ನು ಒಂದೊಂದಾಗಿ ಡಬ್ಬಕ್ಕೆ ಹಿಂತಿರುಗಿಸುತ್ತ ಹೋದಂತೆ ಕಟ್ಟು ತೆಳ್ಳಗಾಯಿತು. ಕೊನೆಯವರೆಗೆ ಕೈಯಲ್ಲಿ ಉಳಿದದ್ದು 6×7, 6×8, 7×8. ತಯಾರಕರು ಈ ದಾರಿಯನ್ನು ಡಬ್ಬದ ಮೇಲೆ ಒಂದು ಸಾಲಿನಲ್ಲಿ ಮುದ್ರಿಸಿದ್ದರೆ ಎಷ್ಟೋ ಅಳು ತಪ್ಪುತ್ತಿತ್ತು.

ಆಪ್‌ನ ಬಗ್ಗೆ ಹೆಚ್ಚು ಬರೆಯುವಂಥದ್ದಿಲ್ಲ. ಸೂಚನೆಗಳೆಲ್ಲ ಇಂಗ್ಲಿಷಿನಲ್ಲಿವೆ, ಪ್ರತಿ ಪ್ರಶ್ನೆಗೂ ಗಡಿಯಾರ ಓಡುತ್ತದೆ, ನಾಲ್ಕು ಉತ್ತರಗಳಲ್ಲಿ ಒಂದನ್ನು ಮುಟ್ಟಬೇಕು. ಮಗಳು ವೇಗವಾಗಿ ನಾಣ್ಯಗಳನ್ನು ಗಳಿಸುತ್ತಿದ್ದುದನ್ನು ಕಂಡು ನಾನು ಸಂತೋಷಪಟ್ಟಿದ್ದೆ. ಪಕ್ಕದಲ್ಲಿ ಕುಳಿತು ನೋಡಿದಾಗ ಅವಳು ಬಿಡಿ ಸ್ಥಾನವನ್ನು ಮಾತ್ರ ಲೆಕ್ಕ ಹಾಕಿ, ಅದೇ ಅಂಕಿಯಿಂದ ಮುಗಿಯುವ ಉತ್ತರವನ್ನು ಮುಟ್ಟುತ್ತಿದ್ದಳು. ಬುದ್ಧಿವಂತಿಕೆಯೇ ಸರಿ, ಆದರೆ ನಾನು ಕಲಿಸಲು ಹೊರಟದ್ದು ಅದನ್ನಲ್ಲ. ಜೂನ್ ತಿಂಗಳಿನಿಂದ ನೆಟ್‌ವರ್ಕ್ ಸಿಗುವುದೇ ಕಷ್ಟವಾಗಿ ಆಪ್ ಮೂಲೆ ಸೇರಿತು. ಎರಡನೆಯ ವರ್ಷಕ್ಕೆ ಬೇಡವೆಂದು ನಿಲ್ಲಿಸಿದ್ದರೂ ಖಾತೆಯಿಂದ ಹಣ ಕಡಿತವಾಯಿತು. ಅದನ್ನು ಹಿಂದೆ ಪಡೆಯಲು 40 ದಿನ ಬೇಕಾಯಿತು.

ಚೆನ್ನೆಮಣೆಯನ್ನು ಕೊನೆಗೆ ಇಟ್ಟುಕೊಂಡದ್ದು ಅದರ ಬಗ್ಗೆ ಹೇಳಲು ಹೆಚ್ಚು ಇರುವುದರಿಂದ. ನಮ್ಮ ಕಡೆ ಇದು ಆಟಿ ತಿಂಗಳಿನ, ಅಂದರೆ ಜುಲೈ–ಆಗಸ್ಟ್ ಹೊತ್ತಿನ ಮಳೆಗಾಲದ ಆಟ. ಆಟಿ ಮುಗಿದ ಮೇಲೆ ಮಣೆಯನ್ನು ಅಟ್ಟಕ್ಕೆ ಏರಿಸಬೇಕೆಂಬುದು ಅತ್ತೆಯವರ ಕಟ್ಟುನಿಟ್ಟು. “ಇದು ಆಟವಲ್ಲ ಅತ್ತೆ, ಪಾಠ” ಎಂದು ಹೇಳಿ ಅನುಮತಿ ಪಡೆದೆ. ಎರಡು ಸಾಲಿನಲ್ಲಿ ಏಳೇಳು ಗುಳಿಗಳು, ಒಂದೊಂದು ಗುಳಿಗೆ ನಾಲ್ಕು ಮಂಜೊಟ್ಟಿ ಕಾಳು, ಒಟ್ಟು 56. ಒಂದು ಗುಳಿಯ ಕಾಳುಗಳನ್ನು ಎತ್ತಿ ಮುಂದಿನ ಗುಳಿಗಳಿಗೆ ಒಂದೊಂದಾಗಿ ಹಾಕುತ್ತ ಹೋಗುವಾಗ ಕೊನೆಯ ಕಾಳು ಎಲ್ಲಿ ಬೀಳುತ್ತದೆ ಎಂದು ಮೊದಲೇ ಅಂದಾಜಿಸಿದವನಿಗೆ ಲಾಭ. ಮಗಳು ಮೊದಮೊದಲು ಕಣ್ಣಿನಿಂದ ಗುಳಿಗಳನ್ನು ಎಣಿಸುತ್ತಿದ್ದಳು. ಕ್ರಮೇಣ ತನ್ನ ಸಾಲಿನಲ್ಲಿ ಮುಂದೆ ಮೂರು ಗುಳಿ ಉಳಿದಿದ್ದು ಕೈಯಲ್ಲಿ ಎಂಟು ಕಾಳಿದ್ದರೆ ಎದುರಿನವರ ಐದನೆಯ ಗುಳಿ ಎಂದು ಕಳೆದು ಹೇಳತೊಡಗಿದಳು.

ಆದರೆ ನಿಜವಾದ ಲಾಭ ಬಂದದ್ದು ಆಟ ಮುಗಿದು ಇನ್ನೊಂದು ಸುತ್ತಿಗೆ ಗುಳಿ ತುಂಬುವಾಗ. ತಾನು ಗೆದ್ದ ಕಾಳುಗಳನ್ನು ನಾಲ್ಕು ನಾಲ್ಕರಂತೆ ತನ್ನ ಗುಳಿಗಳಿಗೆ ತುಂಬಬೇಕು, ಸಾಲದಿದ್ದರೆ ಆ ಗುಳಿಗಳು ಖಾಲಿ. ಒಂದು ಸಂಜೆ ಅವಳಿಗೆ 23 ಬಂದಿದ್ದವು, ಅಜ್ಜಿಗೆ 33. ಅವಳು ಐದು ಗುಳಿ ತುಂಬಿದಳು, ಮೂರು ಕಾಳು ಅಂಗೈಯಲ್ಲಿ ಉಳಿದವು. ಅಜ್ಜಿ ಏಳನ್ನೂ ತುಂಬಿದರು, ಐದು ಉಳಿದವು. “ಅಜ್ಜೀ, ನನಗೆ ಒಂದೇ ಒಂದು ಕೊಡಿ, ಇನ್ನೊಂದು ಗುಳಿ ತುಂಬುತ್ತದೆ” ಎಂದು ಗೋಗರೆದಳು. ಅಜ್ಜಿ ಕೊಡಲಿಲ್ಲ. ಭಾಗಾಕಾರದ ಶೇಷ ಎಂದರೇನು ಎಂದು ವಾರವಿಡೀ ಚಿತ್ರ ಬರೆದು ತೋರಿಸಿದಾಗ ತಲೆಗೆ ಹತ್ತದಿದ್ದದ್ದು ಆ ಮೂರು ಕಾಳುಗಳಿಂದ ಹತ್ತಿತು. ಮರುದಿನ 23ನ್ನು 4ರಿಂದ ಭಾಗಿಸುವ ಲೆಕ್ಕ ಕೊಟ್ಟಾಗ “ಐದು ಗುಳಿ, ಮೂರು ಕೈಯಲ್ಲಿ” ಎಂದೇ ಬರೆದಳು. ತಿದ್ದಲಿಲ್ಲ.

ಇಷ್ಟಾದರೂ ಈ ಆಟಗಳು ಪುಸ್ತಕದ ಬದಲಿಗೆ ನಿಲ್ಲುವುದಿಲ್ಲ ಎಂಬುದನ್ನು ಅನುಭವದಿಂದಲೇ ಹೇಳುತ್ತೇನೆ. ಮೊದಲ ವರ್ಷ ಆಟಗಳ ಮೇಲೆ ಹೆಚ್ಚು ಭರವಸೆಯಿಟ್ಟು ಬರವಣಿಗೆಯನ್ನು ಸಡಿಲ ಬಿಟ್ಟೆ. ಬಾಯಲ್ಲಿ ಚುರುಕಾಗಿ ಉತ್ತರಿಸುವ ಹುಡುಗಿ ‘ಐನೂರ ನಾಲ್ಕು’ ಬರೆಯಲು ಹೇಳಿದರೆ 5004 ಎಂದು ಬರೆದಳು. ದಾಳದಲ್ಲಾಗಲಿ ಇಸ್ಪೀಟಿನಲ್ಲಾಗಲಿ ಚೆನ್ನೆಮಣೆಯಲ್ಲಾಗಲಿ ಸ್ಥಾನಬೆಲೆ ಎಂಬುದೇ ಇಲ್ಲ. ದಶಕ ತೆಗೆದುಕೊಂಡು ಕಳೆಯುವ ಲೆಕ್ಕಕ್ಕೂ ಅವುಗಳಿಂದ ನೆರವಿಲ್ಲ. ನೂರು, ಹತ್ತು, ಒಂದರ ಆಟದ ನೋಟುಗಳನ್ನು ಕಾಗದದಲ್ಲಿ ಮಾಡಿ, ಅಂಗಡಿ ಆಟ ಆಡಿಸಿ, ಅದರ ಜೊತೆಗೆ ದಿನಕ್ಕೆ ಎಂಟು ಲೆಕ್ಕ ಸ್ಲೇಟಿನಲ್ಲಿ ಬರೆಸಿ ಇದನ್ನು ಸರಿಪಡಿಸಲು ನಾಲ್ಕು ತಿಂಗಳು ಹಿಡಿಯಿತು. ವಾಕ್ಯರೂಪದ ಲೆಕ್ಕಗಳಿಗೆ ಓದು ಬೇಕು, ಅದಕ್ಕೂ ಆಟ ಸಾಲದು. ದೊಡ್ಡವರೊಬ್ಬರು ದಿನಕ್ಕೆ ಇಪ್ಪತ್ತು ನಿಮಿಷವಾದರೂ ಎದುರು ಕೂರಬೇಕಾಗುತ್ತದೆ. ಅಡಿಕೆ ಕೊಯ್ಲಿನ ದಿನಗಳಲ್ಲಿ ನಮಗೆ ಅದೂ ಆಗುತ್ತಿರಲಿಲ್ಲ, ಆಗ ಅತ್ತೆಯವರೇ ಆಧಾರ.

ಮತ್ತೆ ಕೊಳ್ಳುವುದಾದರೆ ಇಸ್ಪೀಟನ್ನೂ ನಾಲ್ಕು ದಾಳಗಳನ್ನೂ ಮಾತ್ರ ಕೊಳ್ಳುತ್ತೇನೆ. ಚೆನ್ನೆಮಣೆ ಇಲ್ಲದವರು ಅಂಗಳದಲ್ಲಿ ಹದಿನಾಲ್ಕು ಗುಳಿ ತೋಡಿದರೂ ಆದೀತು. ಮಂಜೊಟ್ಟಿಯ ಬದಲು ಹುಣಸೆ ಬೀಜ ಸಾಕು. ನಮ್ಮ 56ರಲ್ಲಿ ಈಗ 53 ಉಳಿದಿವೆ, ಮೂರರ ಜಾಗದಲ್ಲಿ ಹುಣಸೆ ಬೀಜಗಳೇ ಆಡುತ್ತಿವೆ. ಮುಂದಿನ ವರ್ಷ ಭಿನ್ನರಾಶಿ ಆರಂಭಿಸಬೇಕು. ಅದಕ್ಕೆ ಹೊಂದುವ ಅಗ್ಗದ ಆಟ ಇನ್ನೂ ಸಿಕ್ಕಿಲ್ಲ, ಸದ್ಯಕ್ಕೆ ಕಾವಲಿಯಿಂದ ಇಳಿದ ದೋಸೆಯನ್ನೇ ನಾಲ್ಕು ಪಾಲು ಮಾಡಿಸುತ್ತಿದ್ದೇನೆ.