ಓಮ್ನಿಗೆ ವಿದ್ಯುತ್ ಮೋಟಾರ್: ದುಡ್ಡು ಪ್ಲೇಟಿಗೋ, ಕಪ್ಲಿಂಗಿಗೋ?

ಹಳೆಯ ಓಮ್ನಿಯ ಪೆಟ್ರೋಲ್ ಎಂಜಿನ್ ಇಳಿಸಿ, ಅದೇ ಗೇರ್‌ಬಾಕ್ಸಿಗೆ ವಿದ್ಯುತ್ ಮೋಟಾರ್ ಕೂರಿಸಲು ಮುಖ್ಯವಾಗಿ ಎರಡು ಭಾಗ ಮಾಡಿಸಬೇಕು. ಎರಡರ ಮೈಗಳನ್ನು ಸೇರಿಸುವ ಅಡಾಪ್ಟರ್ ಪ್ಲೇಟ್ ಒಂದು, ಶಾಫ್ಟುಗಳನ್ನು ಸೇರಿಸುವ ಕಪ್ಲಿಂಗ್ ಇನ್ನೊಂದು. ಪುಣೆಯ ಭೋಸರಿಯಲ್ಲಿ ಇವನ್ನು ಬೇರೆ ಬೇರೆ ಬಗೆಯಲ್ಲಿ ಮಾಡಿಸಿ, ಹಾಕಿ ನೋಡಿದ್ದೇನೆ. ನೋಡಲು ಬಂದವರು ಪ್ಲೇಟಿನ ಹೊಳಪನ್ನೇ ಹೊಗಳುತ್ತಾರೆ. ಆದರೆ ಗಾಡಿಯ ಆಯುಸ್ಸು ನಿಂತಿರುವುದು ಕಪ್ಲಿಂಗಿನ ಮೇಲೆ.

ನಮ್ಮದು ಕಾರ್ಖಾನೆಯ ಆವರಣದೊಳಗೆ ಸಾಮಾನು ಸಾಗಿಸುವ ಗಾಡಿ. ರಸ್ತೆಗೆ ಇಳಿಸುವುದಾದರೆ ವಿದ್ಯುತ್ ಪರಿವರ್ತನೆ ಕಿಟ್ಟುಗಳಿಗಿರುವ ಭಾರತೀಯ ಮಾನದಂಡ ಎಐಎಸ್-123ರಂತೆ ಅನುಮೋದನೆ ಪಡೆದ ಕಿಟ್ಟೇ ಬೇಕು.

ಪ್ಲೇಟಿನ ವಿಷಯ ಬೇಗ ಮುಗಿಯುತ್ತದೆ. 6061-ಟಿ6 ಅಲ್ಯೂಮಿನಿಯಂ ಸಾಕು. ತೂಕ ಉಕ್ಕಿನ ಸುಮಾರು ಮೂರನೇ ಒಂದು ಪಾಲು. ಲೇಸರ್ ಕಟಿಂಗ್ ಅಗ್ಗ, ಆದರೆ ದಪ್ಪ ಹಾಳೆಯ ಅಂಚಿನಲ್ಲಿ ಕರಗಿದ ಲೋಹ ಅಂಟಿಕೊಂಡು ಬರುತ್ತದೆ. ಪೂರ್ತಿ ವಿಎಂಸಿಯಲ್ಲಿ (ಕಂಪ್ಯೂಟರ್ ನಡೆಸುವ ಮಿಲ್ಲಿಂಗ್ ಯಂತ್ರ) ಮಾಡಿಸಿದ್ದು ಅಂದವಾಗಿತ್ತು, ಆದರೆ ಯಾರೂ ನೋಡದ ಹೊರ ಅಂಚಿಗೂ ಯಂತ್ರದ ಗಂಟೆ ಲೆಕ್ಕದಲ್ಲಿ ಹಣ ತೆರಬೇಕಾಯಿತು. ನನಗೆ ಹಿಡಿಸಿದ್ದು ನಡುದಾರಿ: ಹೊರ ಆಕಾರವೂ ಬೋಲ್ಟ್ ರಂಧ್ರಗಳೂ ವಾಟರ್‌ಜೆಟ್ಟಿನಲ್ಲಿ (ನೀರಿನ ರಭಸದ ಧಾರೆಯಿಂದ ಕತ್ತರಿಸುವುದು), ನಡುವಿನ ಬೋರು (ದೊಡ್ಡ ದುಂಡು ರಂಧ್ರ) ಮತ್ತು ಡೋವೆಲ್ ಪಿನ್ನುಗಳ ರಂಧ್ರಗಳು ಮಾತ್ರ ವಿಎಂಸಿಯಲ್ಲಿ, ಒಮ್ಮೆ ಕಟ್ಟಿದ ಜಾಬನ್ನು ಬಿಚ್ಚದೆ. ಬೋಲ್ಟ್ ಬಿಗಿಯುತ್ತದೆ ಅಷ್ಟೆ, ಜಾಗ ಹಿಡಿಯುವುದು ಡೋವೆಲ್. ಕಾಗದ ಒತ್ತಿ ರಂಧ್ರಗಳ ಗುರುತು ತೆಗೆಯುವವರಿದ್ದಾರೆ, ನಾನು ಒಪ್ಪುವುದಿಲ್ಲ. ಗೇರ್‌ಬಾಕ್ಸಿನ ಹೌಸಿಂಗನ್ನೇ ಯಂತ್ರದ ಮೇಜಿನ ಮೇಲಿಟ್ಟು, ಇನ್‌ಪುಟ್ ಶಾಫ್ಟಿನ ಬೇರಿಂಗ್ ಕೂರುವ ಬೋರನ್ನು ಕೇಂದ್ರವಾಗಿ ಹಿಡಿದು ಅಳೆಯಬೇಕು. ಜೋಡಿಸಿದ ಮೇಲೆ ಡಯಲ್ ಗೇಜ್ (ಸಣ್ಣ ಏರುಪೇರನ್ನೂ ಮುಳ್ಳಿನಲ್ಲಿ ತೋರಿಸುವ ಅಳತೆ ಸಾಧನ) ಸುತ್ತಿಸಿ ನೋಡುವಾಗ ಒಂದು ನೆನಪಿರಲಿ: ಮುಳ್ಳು ಒಟ್ಟು 0.10 ಮಿ.ಮೀ. ಆಡಿದರೆ ಕೇಂದ್ರ ತಪ್ಪಿರುವುದು 0.05. ಅದಕ್ಕಿಂತ ಹೆಚ್ಚಾದರೆ ನಾನು ಪ್ಲೇಟನ್ನು ಹಿಂದಕ್ಕೆ ಕಳಿಸುತ್ತೇನೆ.

ಇನ್ನು ಕಪ್ಲಿಂಗ್. ಸುಲಭದ ದಾರಿ ಎಂದರೆ ಹಳೆಯ ಕ್ಲಚ್ ಪ್ಲೇಟಿನ ರಿವೆಟ್ ಕತ್ತರಿಸಿ, ಸ್ಪ್ಲೈನ್ (ಶಾಫ್ಟಿನ ಹಲ್ಲುಗಳಿಗೆ ಹೊಂದುವ ಒಳಹಲ್ಲುಗಳು) ಇರುವ ನಡುವಿನ ಹಬ್ಬನ್ನು ತೆಗೆದು, ಮೋಟಾರ್ ಕಡೆಯ ಬುಷ್‌ಗೆ ವೆಲ್ಡ್ ಮಾಡುವುದು. ಸ್ಪ್ಲೈನ್ ಪುಕ್ಕಟೆ ಸಿಗುತ್ತದೆ, ಅಳತೆಯ ತಲೆನೋವಿಲ್ಲ. ಆದರೆ ವೆಲ್ಡಿಂಗ್ ಶಾಖ ಒಂದು ಪಕ್ಕಕ್ಕೆ ಎಳೆದೇ ಎಳೆಯುತ್ತದೆ. ಇಂಡಿ ಕಡೆಯಿಂದ ಬಂದು ಇಲ್ಲೇ ನೆಲೆಸಿದ ನಮ್ಮ ಟರ್ನರ್ ಇದಕ್ಕೊಂದು ಉಪಾಯ ಮಾಡಿದರು. ಗುಜರಿಯಿಂದ ಅದೇ ಗೇರ್‌ಬಾಕ್ಸಿನ ಶಾಫ್ಟ್ ತಂದು, ಅದನ್ನೇ ಹಬ್ಬು ಹಿಡಿಯುವ ದಂಡ (ಮ್ಯಾಂಡ್ರೆಲ್) ಮಾಡಿಕೊಂಡು, ವೆಲ್ಡ್ ಆದ ಹಬ್ಬನ್ನು ಅದಕ್ಕೇರಿಸಿ, ಮೋಟಾರ್ ಕಡೆಯ ಬೋರನ್ನು ಕೊನೆಯಲ್ಲಿ ಕೊರೆದರು. “ಸರ್, ಮೊದಲೇ ಬೋರ್ ಮಾಡಿದರೆ ವೆಲ್ಡಿಂಗ್ ಹೇಳಿದಂತೆ ನಾವು ಕೇಳಬೇಕಾಗುತ್ತದೆ” ಎಂದರು. ಕೇಂದ್ರ ಸರಿಯಾಗಿಯೇ ಬಂತು. ಕೆಲವು ತಿಂಗಳ ನಂತರ ಬಿಚ್ಚಿದಾಗ ಸ್ಪ್ಲೈನಿನ ಬುಡದಲ್ಲಿ ಕುಂಕುಮದಂಥ ನುಣ್ಣನೆಯ ಪುಡಿ. ಸವೆದ ಹಬ್ಬು ಶಾಫ್ಟಿನ ಮೇಲೆ ಸಣ್ಣಗೆ ಅಲುಗಾಡಿ ಉಜ್ಜಿದರೆ ಹೀಗಾಗುತ್ತದೆ. ವಿದ್ಯುತ್ ಗಾಡಿಯಲ್ಲಿ ಇದು ಇನ್ನೂ ಜೋರು: ಆಕ್ಸಿಲರೇಟರ್ ಮೇಲಿಂದ ಕಾಲು ತೆಗೆದಾಗಲೆಲ್ಲ ಮೋಟಾರ್ ಜನರೇಟರ್ ಆಗಿ ಬ್ರೇಕ್ ಹಿಡಿಯುವುದರಿಂದ ಬಲದ ದಿಕ್ಕು ತಿರುಗಿ, ಸಡಿಲವಿದ್ದ ಕಡೆ ಪೆಟ್ಟು ಬೀಳುತ್ತದೆ.

ಎರಡನೆಯದು ವಾಯರ್ ಕಟ್, ಅಂದರೆ ವಿದ್ಯುತ್ ಕಿಡಿ ಹಾರಿಸುವ ತೆಳು ತಂತಿಯಿಂದ ಲೋಹ ಕತ್ತರಿಸುವುದು. ಮೊದಲೇ ಹದಗೊಳಿಸಿದ ಇಎನ್24 ಉಕ್ಕಿನಲ್ಲಿ ಮೋಟಾರ್ ಕಡೆಯ ಬೋರನ್ನು ಲೇತಿನಲ್ಲಿ ಕೊರೆದು, ಅದೇ ಬೋರಿನಿಂದ ಕೇಂದ್ರ ಹಿಡಿದು, ತಂತಿಯಿಂದ ಸ್ಪ್ಲೈನ್ ಕತ್ತರಿಸಿದರು. ಹದಗೊಳಿಸಿದ ಮೇಲೆಯೇ ಕತ್ತರಿಸುವುದರಿಂದ ಸೊಟ್ಟಗಾಗುವ ಭಯವಿಲ್ಲ. ಅಲುಗಾಟ ಬೆರಳಿಗೆ ತಿಳಿಯದಷ್ಟು. ದರ ಮಾತ್ರ ಚದರ ಮಿ.ಮೀ. ಲೆಕ್ಕ, ಸ್ಪ್ಲೈನ್ ಉದ್ದವಾದಷ್ಟೂ ಬಿಲ್ಲು ಏರುತ್ತದೆ. ಆದರೂ ನನ್ನ ಮತ ಇದಕ್ಕೇ. ಎರಡು ಅರ್ಧಗಳ ನಡುವೆ ರಬ್ಬರ್ ತುಂಡು (ಸ್ಪೈಡರ್) ಇರುವ ಜಾ ಕಪ್ಲಿಂಗನ್ನೂ ಹಾಕಿ ನೋಡಿದೆ: ಓಟ ಮೃದು, ಆದರೆ ಉದ್ದ ಹೆಚ್ಚಿ ಮೋಟಾರನ್ನು ಮುಂದಕ್ಕೆ ತಳ್ಳಬೇಕಾಯಿತು, ಒಂದು ಅರ್ಧಕ್ಕೆ ಸ್ಪ್ಲೈನ್ ಹೇಗೂ ಬೇಕೇ ಬೇಕು.

ವಾಯರ್ ಕಟ್ಟಿನ ಪರವಾಗಿ ಇನ್ನೊಂದು ಮಾತಿದೆ. ಹಿಂದಿನ ಚಕ್ರ ಓಡಿಸುವ ಇಂಥ ಗಾಡಿಗಳಲ್ಲಿ ಗೇರ್‌ಬಾಕ್ಸ್ ಶಾಫ್ಟಿನ ಮೂತಿ ಎಂಜಿನ್ ಕಡೆಯ ಪೈಲಟ್ ಬೇರಿಂಗಿನಲ್ಲಿ ಕೂರುತ್ತದೆ. ಎಂಜಿನ್ ಜೊತೆ ಆ ಆಸರೆಯೂ ಹೋಗಿರುತ್ತದೆ. ಒಂದೇ ತುಂಡಿನ ಕಪ್ಲಿಂಗಿನಲ್ಲಿ ಬೋರ್ ಕೊರೆಯುವಾಗಲೇ ಅದಕ್ಕೂ ಜಾಗ ಮಾಡಿಸಬಹುದು.