ಒಟಿಪಿ ನನ್ನ ಫೋನಿಗೇ ಬರುತ್ತದೆ: ನಮ್ಮ ಸಿಎ ಬಗ್ಗೆ ಒಂದು ವಿಮರ್ಶೆ

ಹೊಸ ಸಿಎ ಹುಡುಕುವವರು ಮೊದಲು ಫೀಸು ಎಷ್ಟು ಅಂತ ಕೇಳುತ್ತಾರೆ. ಅದಕ್ಕೂ ಮೊದಲು ಕೇಳಬೇಕಾದ್ದು ಇನ್ನೊಂದಿದೆ. ಜಿಎಸ್‌ಟಿ ಪೋರ್ಟಲ್‌ನಲ್ಲಿ ಯಾರ ಮೊಬೈಲ್ ನಂಬರ್ ಹಾಕ್ತೀರಿ, ಯಾರ ಇಮೇಲ್ ಹಾಕ್ತೀರಿ? ‘ನಮ್ಮದೇ ಹಾಕ್ತೀವಿ, ನಿಮಗ್ಯಾಕೆ ತಲೆನೋವು’ ಅಂದರೆ ಅಲ್ಲಿಂದ ಎದ್ದು ಬನ್ನಿ.

ನಮ್ಮದು ರಟ್ಟಿನ ಪೆಟ್ಟಿಗೆ ಮಾಡುವ ಸಣ್ಣ ಘಟಕ. ಮೊದಲು ನಮ್ಮ ಲೆಕ್ಕ ನೋಡುತ್ತಿದ್ದದ್ದು ಒಂದು ಟ್ಯಾಕ್ಸ್ ಕನ್ಸಲ್ಟೆಂಟ್ ಆಫೀಸು. ಫೀಸು ಕಮ್ಮಿ, ಮಾತೂ ಚೆನ್ನಾಗಿತ್ತು. ನೋಂದಣಿ ಮಾಡಿಸುವಾಗ ಅವರ ಇಮೇಲ್, ಅವರ ಹುಡುಗನ ಮೊಬೈಲ್ ಹಾಕಿದ್ದರು. ಮುಂದೆ ಇಲಾಖೆಯಿಂದ ಎಎಸ್‌ಎಂಟಿ-10 ನೋಟಿಸ್ ಬಂತು. ರಿಟರ್ನ್‌ನಲ್ಲಿ ವ್ಯತ್ಯಾಸ ಕಾಣುತ್ತಿದೆ, ವಿವರಣೆ ಕೊಡಿ ಅನ್ನುವ ನೋಟಿಸ್ ಅದು. ಸಾಮಾನ್ಯವಾಗಿ 30 ದಿನದೊಳಗೆ ಉತ್ತರ ಕೊಡಬೇಕು. ಇಮೇಲ್ ಹೋದದ್ದು ಆ ಆಫೀಸಿಗೆ. ಎಸ್‌ಎಂಎಸ್ ಹೋದದ್ದು ಆಗಲೇ ಕೆಲಸ ಬಿಟ್ಟಿದ್ದ ಹುಡುಗನಿಗೆ. ತೆರಿಗೆ, ಬಡ್ಡಿ ಎಲ್ಲ ಸೇರಿಸಿ ಯಾಕೆ ಕಟ್ಟಿಲ್ಲ ಅಂತ ಕೇಳುವ ಡಿಆರ್‌ಸಿ-01 ನೋಟಿಸ್ ಬರುವವರೆಗೂ ನಮಗೆ ಸುಳಿವೇ ಇರಲಿಲ್ಲ. ಪಾಸ್‌ವರ್ಡ್ ಕೊಡಿ ಅಂದರೆ ‘ಬಾಕಿ ಕ್ಲಿಯರ್ ಮಾಡಿ, ಆಮೇಲೆ ನೋಡೋಣ’ ಅಂದರು. ನಮ್ಮ ಹೆಸರಿನ ನೋಂದಣಿ, ನಮ್ಮ ಪ್ಯಾನ್, ಒಳಗೆ ಹೋಗೋಕೆ ಅವರ ಅಪ್ಪಣೆ ಬೇಕು! ಈಗ ನೆನೆದರೂ ಮೈ ಉರಿಯುತ್ತದೆ.

ಇದೇ ಕಷ್ಟದಲ್ಲಿ ಇರುವವರಿಗೆ ಹೇಳುತ್ತೇನೆ, ದಾರಿ ಇದೆ. ನಿಮ್ಮ ವ್ಯಾಪ್ತಿಯ ಜಿಎಸ್‌ಟಿ ಅಧಿಕಾರಿಗೆ ಅರ್ಜಿ ಕೊಡಿ. ಜೊತೆಗೆ ಗುರುತಿನ ದಾಖಲೆ, ವ್ಯವಹಾರ ನಿಮ್ಮದೇ ಅನ್ನುವ ದಾಖಲೆ ಇರಲಿ. ಪರಿಶೀಲಿಸಿ, ಅವರೇ ಮೊಬೈಲ್ ಮತ್ತು ಇಮೇಲ್ ಬದಲಿಸಿ ಪಾಸ್‌ವರ್ಡ್ ರೀಸೆಟ್ ಮಾಡಿಕೊಡುತ್ತಾರೆ. ಹಳೆಯ ಕನ್ಸಲ್ಟೆಂಟನ್ನು ಬೇಡಿಕೊಳ್ಳುತ್ತಾ ಕೂರಬೇಕಾಗಿಲ್ಲ.

ಈಗಿನ ಮೇಡಂ ಸಿಕ್ಕಿದ್ದು ನಮಗೆ ಪೇಪರ್ ರೀಲ್ ಕೊಡುವವರ ಕಡೆಯಿಂದ. ಹೋಗುವ ಮೊದಲು ಸಿಎಗಳ ಸಂಸ್ಥೆಯಾದ ಐಸಿಎಐ ವೆಬ್‌ಸೈಟ್‌ನಲ್ಲಿ ಅವರ ಸದಸ್ಯತ್ವ ನೋಡಿಕೊಂಡೆ. ಬೋರ್ಡಿನಲ್ಲಿ ಟ್ಯಾಕ್ಸ್ ಕನ್ಸಲ್ಟೆಂಟ್ ಅಂತ ಯಾರು ಬೇಕಾದರೂ ಬರೆಸಬಹುದು, ಸಿಎ ಅಂತ ಹಾಕಿಕೊಳ್ಳೋಕೆ 1949ರ ಚಾರ್ಟರ್ಡ್ ಅಕೌಂಟೆಂಟ್ಸ್ ಕಾಯ್ದೆಯ ಕೆಳಗೆ ಸದಸ್ಯರಾಗಿರಬೇಕು. ಮೊದಲ ಭೇಟಿಯಲ್ಲೇ ಮೇಡಂ ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿದರು. ‘ಪಾಸ್‌ವರ್ಡ್ ನೀವೇ ಟೈಪ್ ಮಾಡಿ ಸರ್. ಒಟಿಪಿ ನಿಮಗೇ ಬರಲಿ. ಏನು ಫೈಲ್ ಆಗ್ತಿದೆ ಅಂತ ನೋಡಿ ಆಮೇಲೆ ಹೇಳಿ.’ ಆವತ್ತೇ ಇವರೇ ಸರಿ ಅನ್ನಿಸಿತು. ಪೋರ್ಟಲ್‌ನಲ್ಲಿ ‘ಅಡಿಷನಲ್ ನೋಟಿಸಸ್ ಅಂಡ್ ಆರ್ಡರ್ಸ್’ ಅನ್ನುವ ಇನ್ನೊಂದು ಜಾಗ ಇದೆ, ಅಲ್ಲೂ ನೋಟಿಸ್ ಬಂದು ಕೂತಿರುತ್ತದೆ ಅಂತ ತೋರಿಸಿಕೊಟ್ಟಿದ್ದೂ ಅವರೇ. ಈಗ ಪ್ರತಿ ಸೋಮವಾರ ಬೆಳಿಗ್ಗೆ ಮೆಷಿನ್ ಶುರು ಮಾಡುವ ಮೊದಲು ನಾನೇ ಎರಡೂ ಕಡೆ ತೆರೆದು ನೋಡುತ್ತೇನೆ.

ನನಗೆ ತುಂಬಾ ಇಷ್ಟವಾದದ್ದು ತಿಂಗಳ 15ನೇ ತಾರೀಖಿನ ಶೀಟು. 14ಕ್ಕೆ ಪೋರ್ಟಲ್‌ನಲ್ಲಿ ಜಿಎಸ್‌ಟಿಆರ್-2ಬಿ ಬರುತ್ತದೆ. ನಮಗೆ ಮಾಲು ಕೊಟ್ಟವರು ತಮ್ಮ ರಿಟರ್ನ್‌ನಲ್ಲಿ ತೋರಿಸಿದ ಬಿಲ್ಲುಗಳೆಲ್ಲ ಅದರಲ್ಲಿ ಇರುತ್ತವೆ. 2022ರ ಜನವರಿಯಿಂದ ಅದರಲ್ಲಿ ಕಾಣದ ಬಿಲ್ಲಿಗೆ ಕ್ರೆಡಿಟ್ ತೆಗೆದುಕೊಳ್ಳೋ ಹಾಗಿಲ್ಲ, ಅಂದರೆ ಖರೀದಿಯಲ್ಲಿ ಕೊಟ್ಟ ತೆರಿಗೆಯನ್ನು ನಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳೋ ಹಾಗಿಲ್ಲ. ನಾವು ದುಡ್ಡು ಕೊಟ್ಟಿದ್ದರೂ ಅಷ್ಟೇ. ಮೇಡಂ ಆಫೀಸಿನವರು ಅದನ್ನು ನಮ್ಮ ಖರೀದಿ ಪುಸ್ತಕದ ಜೊತೆ ತಾಳೆ ನೋಡಿ ವಾಟ್ಸಾಪ್‌ಗೆ ಕಳಿಸುತ್ತಾರೆ. ಹೊಂದಿದ ಸಾಲು ಹಸಿರು, ಮೊತ್ತದಲ್ಲಿ ವ್ಯತ್ಯಾಸ ಇದ್ದರೆ ಹಳದಿ, 2ಬಿಯಲ್ಲೇ ಇಲ್ಲದ್ದು ಕೆಂಪು. ನಾನು ಬೇರೆ ಕೆಲಸ ಬಿಟ್ಟು ಕೆಂಪು ಸಾಲು ಹಿಡಿದುಕೊಂಡು ಒಬ್ಬೊಬ್ಬರಿಗೇ ಫೋನ್ ಮಾಡುತ್ತೇನೆ. ಒಮ್ಮೆ ಅಂಟು ಕೊಡುವವರ ಬಿಲ್ಲು ಕೆಂಪಾಗಿತ್ತು. ರಿಟರ್ನ್ ಹಾಕಿದ್ದೀನಿ ಅಂತ ಅವರು ಆಣೆ ಮಾಡಿದರು. ನಿಜಕ್ಕೂ ಹಾಕಿದ್ದರು, ಆದರೆ ನಮ್ಮ ಜಿಎಸ್‌ಟಿ ನಂಬರ್ ಇಲ್ಲದೆ ಬಿ ಟು ಸಿ, ಅಂದರೆ ಸಾಮಾನ್ಯ ಗ್ರಾಹಕರಿಗೆ ಮಾರಿದ್ದು ಅಂತ. ಆಮೇಲಿನ ಜಿಎಸ್‌ಟಿಆರ್-1ರಲ್ಲಿ (ಅವರ ಮಾರಾಟದ ರಿಟರ್ನ್) ಸರಿಮಾಡಿದರು, ಕ್ರೆಡಿಟ್ ಬಂತು. ಹಳೆಯ ಆಫೀಸಿನಲ್ಲಿ ಇಂಥ ಎಷ್ಟು ಬಿಲ್ಲು ಹೋದವೋ ಏನೋ. ಅಲ್ಲಿ ನಮಗೆ ಕೊನೆಗೆ ಬರುತ್ತಿದ್ದದ್ದು ಕಟ್ಟಬೇಕಾದ ಮೊತ್ತ ಮಾತ್ರ.

20ಕ್ಕೆ ಜಿಎಸ್‌ಟಿಆರ್-3ಬಿ, ಅಂದರೆ ತಿಂಗಳ ತೆರಿಗೆ ಕಟ್ಟುವ ರಿಟರ್ನ್, ಹಾಕಬೇಕು. ತಡವಾದರೆ ದಿನಕ್ಕೆ 50 ರೂಪಾಯಿ ಲೇಟ್ ಫೀ, ಕಟ್ಟದೆ ಉಳಿದ ತೆರಿಗೆಗೆ ವರ್ಷಕ್ಕೆ ಶೇ 18ರ ಬಡ್ಡಿ. ಹಾಗಾಗಿ ಆ ಐದು ದಿನ ನಮಗೆ ಬಹಳ ಮುಖ್ಯ.

ಬೇಜಾರಿನ ವಿಷಯವೂ ಇದೆ. ಮೇಡಂ ಎಷ್ಟು ಒಳ್ಳೆಯವರೋ, ಅವರ ಆಫೀಸು ಅಷ್ಟು ಗಟ್ಟಿಯಾಗಿಲ್ಲ. ನಮ್ಮ ಕೆಲಸ ನೋಡುವುದು ಆರ್ಟಿಕಲ್‌ಶಿಪ್ (ಸಿಎ ಓದುವವರ ತರಬೇತಿ) ಮಾಡುವ ಹುಡುಗ ಹುಡುಗಿಯರು. ಮೊದಲು ಮೂರು ವರ್ಷ ಇದ್ದ ಆರ್ಟಿಕಲ್‌ಶಿಪ್ 2023ರಿಂದ ಎರಡು ವರ್ಷವಾಗಿದೆ. ನಮ್ಮ ವ್ಯವಹಾರ ಅರ್ಥವಾಗುವ ಹೊತ್ತಿಗೆ ಅವರ ಅವಧಿ ಮುಗಿದಿರುತ್ತದೆ. ರೀಲ್ ಬಿಲ್ಲು ಬೇರೆ, ಸಾಗಣೆ ಬಿಲ್ಲು ಬೇರೆ, ರದ್ದಿ ಮಾರಿದ್ದಕ್ಕೂ ಬಿಲ್ಲು ಇರುತ್ತದೆ ಅಂತ ಹೊಸಬರಿಗೆ ಮತ್ತೆ ಮೊದಲಿನಿಂದ ಹೇಳಬೇಕು. ಆದಾಯ ತೆರಿಗೆ ರಿಟರ್ನ್, ಆಡಿಟ್ ಕೊನೆಯ ದಿನ ಹತ್ತಿರ ಬಂದರಂತೂ ಫೋನ್ ಎತ್ತುವವರೇ ಇರಲ್ಲ. ಅಂಥ ಗಡಿಬಿಡಿಯಲ್ಲೇ ಒಂದು ಸಲ ಶೀಟು 18ರ ರಾತ್ರಿ ಬಂತು. ಹಳದಿ ಸಾಲುಗಳನ್ನು ಸರಿಯಾಗಿ ನೋಡೋಕೆ ಸಮಯವೇ ಉಳಿಯಲಿಲ್ಲ, ಆ ಕ್ರೆಡಿಟ್ ಬಿಟ್ಟು ಆ ತಿಂಗಳು ಕೈಯಿಂದ ಜಾಸ್ತಿ ತೆರಿಗೆ ಕಟ್ಟಿದೆ. ಹಳೆಯ ಕಡೆಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಫೀಸು ಕೊಡುವವನಿಗೆ ಇದು ಸಣ್ಣ ವಿಷಯ ಅಲ್ಲ, ಅಲ್ವಾ?

ಹಾಗಂತ ಬಿಟ್ಟು ಹೋಗುವ ಯೋಚನೆ ಇಲ್ಲ. ಬ್ಯಾಂಕ್ ಸಾಲಕ್ಕೆ ವಹಿವಾಟಿನ ಸರ್ಟಿಫಿಕೇಟ್ ಬೇಕಾದಾಗ ಮೇಡಂ ಪುಸ್ತಕ ನೋಡದೆ ಸಹಿ ಹಾಕಲಿಲ್ಲ. ಒಂದು ವಾರ ಕಾಯಿಸಿದರು, ನನಗೆ ಸಿಟ್ಟೂ ಬಂತು. 2019ರಿಂದ ಇಂಥ ಸರ್ಟಿಫಿಕೇಟಿಗೆ 18 ಅಂಕಿಯ ಯುಡಿಐಎನ್ (ಸರ್ಟಿಫಿಕೇಟ್ ಅಸಲಿಯೇ ಅಂತ ಆನ್‌ಲೈನ್‌ನಲ್ಲಿ ನೋಡುವ ಗುರುತಿನ ನಂಬರ್) ಇರಲೇಬೇಕು. ಬ್ಯಾಂಕಿನವರು ನಮ್ಮ ಎದುರಿಗೇ ಆ ನಂಬರ್ ಹಾಕಿ ನೋಡಿದರು, ಸರಿಯಾಗಿತ್ತು, ಮರುಪ್ರಶ್ನೆ ಬರಲಿಲ್ಲ.

ತಿಂಗಳ ಲೆಕ್ಕ ಇರುವ ಸಣ್ಣ ಉದ್ಯಮದವರಿಗೆ ಇವರನ್ನು ಧಾರಾಳವಾಗಿ ಹೇಳುತ್ತೇನೆ. ಬರೀ ಸಂಬಳದ ರಿಟರ್ನ್ ಇರುವವರಿಗೆ ಈ ಫೀಸು ಭಾರ, ಅವರು ಪೋರ್ಟಲ್‌ನಲ್ಲಿ ತಾವೇ ಹಾಕಿಕೊಳ್ಳಬಹುದು. ನಮ್ಮ ಫೈಲಿಗೆ ಕಾಯಂ ಸಿಬ್ಬಂದಿ ಒಬ್ಬರನ್ನು ಗೊತ್ತು ಮಾಡಿ, ಶೀಟು 16 ದಾಟಬಾರದು ಅಂತ ಮೇಡಂಗೆ ಬರೆದು ಕೊಟ್ಟಿದ್ದೇನೆ. ಒಪ್ಪಿದ್ದಾರೆ. ಬರುವ ಆಡಿಟ್ ಸೀಸನ್‌ನಲ್ಲಿ ನಡೆಸಿಕೊಟ್ಟರೆ ಇಲ್ಲಿ ಇನ್ನೊಂದು ಸ್ಟಾರ್ ಸೇರಿಸುತ್ತೇನೆ.