ಕರ್ಟಿಸ್ ಹಾಕ್ 75 ಬಾಲ್ಸಾ ಕಿಟ್: ಕಟ್ಟಿ, ಹಾರಿಸಿ ನೋಡಿದ ಮೇಲೆ

ಎರಡು ತಿಂಗಳು ನಮ್ಮನೆ ಊಟದ ಮೇಜಿನಲ್ಲಿ ಅರ್ಧ ಭಾಗ ಈ ವಿಮಾನಕ್ಕೇ ಹೋಗಿತ್ತು. ಕರ್ಟಿಸ್ ಹಾಕ್ 75. ಅಳತೆ 1:24, ರೆಕ್ಕೆ ತುದಿಯಿಂದ ತುದಿಗೆ 47 ಸೆಂಟಿಮೀಟರ್, ರಬ್ಬರ್ ಸುತ್ತಿ ಹಾರಿಸುವ, ಬಾಲ್ಸಾ ಎಂಬ ಹಗುರ ಮರದ ಕಿಟ್. ಅಮೆರಿಕದಲ್ಲಿರುವ ಅಕ್ಕನ ಮಗ ರಜೆಗೆ ಬರುವಾಗ ಸೂಟ್‌ಕೇಸಿನಲ್ಲಿ ತಂದುಕೊಟ್ಟ. ಅಲ್ಲಿನ ಒಂದು ಸಣ್ಣ ಕಿಟ್ ಅಂಗಡಿಯದು.

ಸ್ಪಿಟ್‌ಫೈರ್, ಮುಸ್ಟಾಂಗ್ ಕಿಟ್‌ಗಳು ಎಲ್ಲೆಲ್ಲೂ ಸಿಗುತ್ತವೆ. ನನಗೆ ಬೇಕಿದ್ದದ್ದು ಇದೇ. 1940ರ ಡಿಸೆಂಬರ್‌ನಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆ ಸೇರಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಶುರು ಮಾಡಿದರು. ಮೊದಲು ಹಾರ್ಲೋ ಎಂಬ ತರಬೇತಿ ವಿಮಾನ ಜೋಡಿಸಿದರು. ಆಮೇಲೆ ಬಂದದ್ದು ಈ ಹಾಕ್ ಫೈಟರ್. ಇಲ್ಲಿ ಜೋಡಿಸಿದ ಮೊದಲ ಹಾಕ್ ಹಾರಿದ್ದು 1942ರ ಜುಲೈ 31ರಂದು. ನಮ್ಮ ತಾತ ಆಗ ಅಲ್ಲಿ ರಿವೆಟ್ ಹೊಡೆಯುವ ಕೆಲಸದಲ್ಲಿದ್ದರು. ಹಾಕ್ ಹಾರಿದ ಮೇಲೆ ಅದರ ಚಕ್ರ ಹಿಂದಕ್ಕೆ ಮಡಚಿಕೊಳ್ಳುತ್ತಾ 90 ಡಿಗ್ರಿ ತಿರುಗಿ ರೆಕ್ಕೆಯೊಳಗೆ ಚಪ್ಪಟೆಯಾಗಿ ಮಲಗುತ್ತದೆ. ಅದನ್ನು ತಾತ ಮುಂಗೈ ತಿರುಗಿಸಿ ತೋರಿಸುತ್ತಿದ್ದರು. ನಾನು ಚಿಕ್ಕವನಿದ್ದಾಗ ಅದೆಷ್ಟು ಸಲ ಮಾಡಿಸಿದ್ದೇನೋ.

ಈಗ ಕಿಟ್ ವಿಷಯ. ಡಬ್ಬಿಯಲ್ಲಿ ಏನಿತ್ತು ಅಂದರೆ, ದೊಡ್ಡ ಪ್ಲಾನ್ ಒಂದು, ಲೇಸರ್‌ನಿಂದ ಕತ್ತರಿಸಿದ 1.6 ಮಿಲಿಮೀಟರ್ ದಪ್ಪದ ಬಾಲ್ಸಾ ಹಾಳೆಗಳು, ಅಷ್ಟೇ ದಪ್ಪದ ಚೌಕ ಕಡ್ಡಿಗಳು, ಟಿಶ್ಯೂ ಕಾಗದ, ಪ್ಲಾಸ್ಟಿಕ್ ಪ್ರೊಪೆಲ್ಲರ್, ಕಾಕ್‌ಪಿಟ್ ಮುಚ್ಚುವ ಗಾಜಿನಂಥ ಕ್ಯಾನಪಿ, ಒಂದು ತುಂಡು ರಬ್ಬರ್.

ಪ್ಲಾನ್ ಬಗ್ಗೆ ಎಷ್ಟು ಹೊಗಳಿದರೂ ಸಾಲದು. ಗೆರೆಗಳು ಸೂಜಿಯಷ್ಟು ಸಣ್ಣ. ರೆಕ್ಕೆಗೆ ಆಕಾರ ಕೊಡುವ ಪ್ರತಿ ರಿಬ್ಬಿಗೂ, ಮೈಗೆ ಆಕಾರ ಕೊಡುವ ಪ್ರತಿ ಫಾರ್ಮರ್‌ಗೂ ನಂಬರ್ ಇದೆ. ಯಾವುದನ್ನು ಮೊದಲು ಅಂಟಿಸಬೇಕು ಅನ್ನುವುದೂ ಇದೆ. ಲೇಸರ್ ಕೆಲಸವೂ ಅಷ್ಟೇ ಅಚ್ಚುಕಟ್ಟು. ಬೆರಳಲ್ಲಿ ಮೆಲ್ಲಗೆ ಒತ್ತಿದರೆ ರಿಬ್ ಹಾಳೆಯಿಂದ ಬಿಟ್ಟು ಬರುತ್ತದೆ. ಕಡ್ಡಿ ಕೂರುವ ಕಚ್ಚುಗಳಲ್ಲಿ ಒಂದನ್ನೂ ನಾನು ಉಜ್ಜಿ ಸರಿಮಾಡಬೇಕಾಗಲಿಲ್ಲ.

ಕೊರತೆ ಇರುವುದು ಮರದಲ್ಲಿ. ಬಾಲ್ಸಾ ಅಂದರೆ ಎಲ್ಲವೂ ಹಗುರ ಅಂತ ನಾವು ಅಂದುಕೊಳ್ಳುತ್ತೇವೆ, ಅಲ್ವಾ? ಒಂದೇ ಅಳತೆಯ ಎರಡು ಹಾಳೆಗಳಲ್ಲಿ ಒಂದು ಇನ್ನೊಂದರ ಎರಡರಷ್ಟು ತೂಗಬಹುದು. ನನ್ನ ಕಿಟ್‌ನಲ್ಲಿ ಹಗುರವಾದ ಹಾಳೆಯಲ್ಲಿ ರೆಕ್ಕೆಯ ಭಾಗಗಳಿದ್ದವು. ಕಲ್ಲಿನಂಥ ಹಾಳೆಯಲ್ಲಿ ಬಾಲದ ಭಾಗಗಳು. ಇದು ತಿರುಗುಮುರುಗು. ಹಾಕ್‌ನದು ರೇಡಿಯಲ್ ಎಂಜಿನ್, ಅಂದರೆ ಸಿಲಿಂಡರ್‌ಗಳು ಚಕ್ರದ ಕಡ್ಡಿಗಳಂತೆ ಸುತ್ತ ಇರುವಂಥದ್ದು. ಹಾಗಾಗಿ ಮೂಗು ಮೊಂಡು, ಗಿಡ್ಡ. ಬಾಲ ಉದ್ದ. ಬಾಲದಲ್ಲಿ ಒಂದು ಗ್ರಾಂ ಜಾಸ್ತಿಯಾದರೆ ಅದನ್ನು ಸರಿದೂಗಿಸಲು ಮೂಗಿನಲ್ಲಿ ಹತ್ತಿರಹತ್ತಿರ ಮೂರು ಗ್ರಾಂ ಕ್ಲೇ ತುಂಬಬೇಕು. ನಾನು ಇದನ್ನು ಕಂಡುಕೊಂಡದ್ದು ಬಾಲ ಪೂರ್ತಿ ಕಟ್ಟಿದ ಮೇಲೆ. ಎರಡು ದಿನ ಅದನ್ನೇ ನೋಡುತ್ತಾ ಕೂತೆ. ಆಮೇಲೆ ನನ್ನ ಹಳೇ ಸ್ಟಾಕ್‌ನಲ್ಲಿದ್ದ ಮೆತ್ತನೆ ಬಾಲ್ಸಾದಲ್ಲಿ ಬಾಲವನ್ನು ಹೊಸದಾಗಿ ಕತ್ತರಿಸಿ ಕಟ್ಟಿದೆ. 1.4 ಗ್ರಾಂ ಉಳಿಯಿತು.

ಮೈ ಕಟ್ಟುವ ವಿಧಾನ ಹಳೆಯದು. ಪ್ಲಾನ್ ಮೇಲೆ ಪ್ಲಾಸ್ಟಿಕ್ ಹಾಳೆ ಹರಡಿ, ಒಂದು ಪಕ್ಕದ ಅರ್ಧ ಮೈಯನ್ನು ಗುಂಡುಸೂಜಿ ಚುಚ್ಚಿ ಕಟ್ಟಬೇಕು. ಅದನ್ನು ಎತ್ತಿ ಇನ್ನೊಂದು ಅರ್ಧದ ಫಾರ್ಮರ್‌ಗಳನ್ನು ಅಂಟಿಸಬೇಕು. ಕಡ್ಡಿಗಳನ್ನು ಮಾತ್ರ ಎಡಕ್ಕೊಂದು ಬಲಕ್ಕೊಂದು ಅಂತ ಹಾಕುತ್ತಾ ಹೋಗಿ. ಒಂದೇ ಪಕ್ಕದ್ದನ್ನೆಲ್ಲ ಒಟ್ಟಿಗೆ ಹಾಕಿದರೆ ಅಂಟು ಒಣಗುವಾಗ ಎಳೆದು ಮೈ ಬಾಳೆಕಾಯಿ ಥರ ಬಾಗುತ್ತದೆ. ಅಂಟು ಬೇರೆ ಏನೂ ಬೇಡ, ಫೆವಿಕಾಲ್‌ಗೆ ಸ್ವಲ್ಪ ನೀರು ಬೆರೆಸಿ ಊದಿನಕಡ್ಡಿಯ ಬುಡದಲ್ಲಿ ಹಚ್ಚಿದರೆ ಸಾಕು.

ಟಿಶ್ಯೂ ಹೊದಿಸುವ ಕೆಲಸಕ್ಕೆ ನಾಲ್ಕು ಸಂಜೆ ಹಿಡಿಯಿತು. ನನಗೆ ಇಡೀ ಕೆಲಸದಲ್ಲಿ ಇಷ್ಟವಾದದ್ದೂ ಅದೇ. ಕಾಗದಕ್ಕೂ ಎಳೆ ಇರುತ್ತದೆ. ಆ ಎಳೆ ಮೈಯ ಉದ್ದಕ್ಕೆ ಬರಬೇಕು. ಹೊದಿಸಿದಾಗ ಕಾಗದ ಅಲ್ಲಲ್ಲಿ ಜೋಲುಬಿದ್ದು ನೋಡೋಕೇ ಬೇಜಾರಾಗುತ್ತದೆ. ಇಸ್ತ್ರಿ ಮಾಡುವಾಗ ಬಳಸುವ ಸ್ಪ್ರೇ ಬಾಟಲಿಯಿಂದ ಮಂಜಿನಂತೆ ನೀರು ಹೊಡೆದೆ. ಕಾಗದ ಒದ್ದೆಯಾಗಿ ಇನ್ನಷ್ಟು ಜೋತುಬಿತ್ತು. ಹತ್ತು ನಿಮಿಷ ಆಯಿತು. ಕಡ್ಡಿಗಳ ನಡುವಿನ ಸುಕ್ಕು ಒಂದೊಂದಾಗಿ ಮಾಯವಾಗುತ್ತಾ ಬಂತು. ಅರ್ಧ ಗಂಟೆಗೆ ರೆಕ್ಕೆಯನ್ನು ಉಗುರಿನಿಂದ ತಟ್ಟಿದರೆ ತಮಟೆಯಂಥ ಸಣ್ಣ ಸದ್ದು. ಒಣಗುವ ತನಕ ರೆಕ್ಕೆಯನ್ನು ಹಲಗೆಗೆ ಪಿನ್ ಹಾಕಿ ಹಿಡಿದಿಡುವುದನ್ನು ಮರೆಯಬೇಡಿ. ಬಿಟ್ಟರೆ ತಿರುಚಿಕೊಳ್ಳುತ್ತದೆ. ರೆಕ್ಕೆ ತುದಿಯ ಹಿಂಭಾಗದ ಕೆಳಗೆ 3 ಮಿಲಿಮೀಟರ್ ದಪ್ಪದ ಚೂರಿಟ್ಟು ಎತ್ತಿ ಒಣಗಿಸಿದರೆ ವೇಗ ಕಡಿಮೆಯಾದಾಗ ವಿಮಾನ ಒಂದು ಪಕ್ಕಕ್ಕೆ ಮಗುಚಿಕೊಳ್ಳುವುದಿಲ್ಲ.

ಮೇಲಿನ ಲೇಪಕ್ಕೆ ಡೋಪ್, ಅಂದರೆ ಕಾಗದವನ್ನು ಬಿಗಿಮಾಡುವ ವಾರ್ನಿಷ್‌ನಂಥ ದ್ರವ ಬೇಕು ಅಂತ ಪ್ಲಾನ್‌ನಲ್ಲಿ ಬರೆದಿದೆ. ನನಗೆ ಹತ್ತಿರದಲ್ಲಿ ಸಿಗಲಿಲ್ಲ. ಪೇಂಟ್ ಅಂಗಡಿಯ ಬಣ್ಣವಿಲ್ಲದ ಎನ್‌ಸಿ ಲ್ಯಾಕರ್ ತಂದು, ಅಷ್ಟೇ ತಿನ್ನರ್ ಬೆರೆಸಿ, ಐದಾರು ಹನಿ ಹರಳೆಣ್ಣೆ ಹಾಕಿದೆ. ಎಣ್ಣೆ ಇದ್ದರೆ ಲೇಪ ಬಿರುಸಾಗದೆ ಮೆದುವಾಗಿರುತ್ತದೆ, ಕಾಗದವನ್ನು ಜಾಸ್ತಿ ಎಳೆಯುವುದಿಲ್ಲ. ಕಿಟಕಿ ತೆಗೆದಿಟ್ಟು ಮಾಡಿ, ವಾಸನೆ ತುಂಬಾ ಇರುತ್ತದೆ.

ಕಿಟ್‌ನಲ್ಲಿ ಕೊಟ್ಟ ರಬ್ಬರ್ ಹಳೆಯದಾಗಿತ್ತು. ನೂರು ಸುತ್ತಿಗೇ ಕಿತ್ತುಹೋಗಿ ಮೈಯೊಳಗಿನ ಒಂದು ಕಡ್ಡಿಯನ್ನು ಮುರಿಯಿತು. ಏರೋಮಾಡೆಲಿಂಗ್ ಮಾಡುವ ಗೆಳೆಯರೊಬ್ಬರು ಸ್ಪರ್ಧೆಗೆ ಬಳಸುವ ಒಳ್ಳೆ ರಬ್ಬರ್ ಕೊಟ್ಟರು. 3 ಮಿಲಿಮೀಟರ್ ಅಗಲದ್ದು, ಎರಡು ಕುಣಿಕೆ ಮಾಡಿ ಸಿಲಿಕೋನ್ ಎಣ್ಣೆ ಸವರಿದೆ. ಪ್ರೊಪೆಲ್ಲರ್‌ನ ಕೊಕ್ಕೆಯಿಂದ ಹಿಂದಿನ ಗೂಟಕ್ಕೆ ಎಷ್ಟು ದೂರವೋ ಅದರ ಒಂದೂವರೆಯಷ್ಟು ಉದ್ದ ಇಟ್ಟೆ. ಎಳೆದು ಹಿಡಿದು ವೈಂಡರ್‌ನಲ್ಲಿ ಸುತ್ತಿದರೆ 400 ಸುತ್ತು ಆರಾಮಾಗಿ ಹಿಡಿಯುತ್ತದೆ.

ಮುರುಗೇಶಪಾಳ್ಯದ ಹತ್ತಿರದ ಒಂದು ಮೈದಾನಕ್ಕೆ ಬೆಳಿಗ್ಗೆ ಆರೂಕಾಲಿಗೆ ಹೋದೆ. ಗಾಳಿ ಇರಲಿಲ್ಲ. ಮೊದಲು ರಬ್ಬರ್ ಸುತ್ತದೆ ಎತ್ತರದ ಹುಲ್ಲಿನ ಮೇಲೆ ಸುಮ್ನೆ ತೇಲಿಸಿ ನೋಡಿದೆ. ಮೂಗು ಎತ್ತಿ ಎತ್ತಿ ಬೀಳುತ್ತಿತ್ತು. ಕಡಲೆಕಾಳಿನಷ್ಟು ಕ್ಲೇ ಸೇರಿಸಿದ ಮೇಲೆ ನೇರವಾಗಿ ಇಳಿಯಿತು. 100 ಸುತ್ತು ಕೊಟ್ಟಾಗ ಎಡಕ್ಕೆ ವಾಲಿ ಬಿತ್ತು. ಮೂಗಿನ ಕಟ್ಟಿಗೆಯ ಹಿಂದೆ ಕಾರ್ಡಿನ ಚೂರು ಇಟ್ಟು ಪ್ರೊಪೆಲ್ಲರ್ ತುಸು ಬಲಕ್ಕೆ, ತುಸು ಕೆಳಕ್ಕೆ ನೋಡುವಂತೆ ಮಾಡಿದೆ. ಏಳನೇ ಸಲಕ್ಕೆ 400 ಸುತ್ತು. ಕೈ ಬಿಟ್ಟೆ. ದೊಡ್ಡ ವೃತ್ತ ಹಾಕುತ್ತಾ ತೆಂಗಿನಮರದ ಅರ್ಧದಷ್ಟು ಎತ್ತರಕ್ಕೆ ಹೋಯಿತು. ಬೆಳಗಿನ ಬಿಸಿಲು ಟಿಶ್ಯೂ ಒಳಗಿಂದ ಹಾದು ಒಳಗಿನ ಒಂದೊಂದು ರಿಬ್ಬೂ ಕಾಣಿಸಿತು. 22 ಸೆಕೆಂಡ್. ನನ್ನ ಮಗಳು ಫೋನಿನಲ್ಲಿ ಎಣಿಸಿದ್ದು. 1871ರಲ್ಲಿ ಪ್ಯಾರಿಸ್‌ನ ಟ್ಯೂಲರೀಸ್ ತೋಟದಲ್ಲಿ ಆಲ್ಫೋನ್ಸ್ ಪೆನೋ ಹಾರಿಸಿದ ರಬ್ಬರ್ ವಿಮಾನ 11 ಸೆಕೆಂಡ್ ಹಾರಿತ್ತು ಅಂತ ಅವಳಿಗೆ ಹೇಳಿದೆ. ಇನ್ನೊಂದು ಸಲ ಬಿಡಪ್ಪಾ ಅಂದಳು.

ಮೊದಲ ಸಲ ಬಾಲ್ಸಾ ಮುಟ್ಟುವವರಿಗೆ ಈ ಕಿಟ್ ಬೇಡ. ಡಬ್ಬಿಯಾಕಾರದ ಮೈ ಇರುವ, ರೆಕ್ಕೆ ಮೇಲಿರುವ ಸರಳ ವಿಮಾನ ಒಂದೆರಡು ಕಟ್ಟಿ ಆಮೇಲೆ ಇದಕ್ಕೆ ಬನ್ನಿ. ಕಟ್ಟಿ ಅಭ್ಯಾಸ ಇರುವವರು ಕಣ್ಣುಮುಚ್ಚಿ ತಗೊಳ್ಳಿ. ಬೇರೆ ರಬ್ಬರ್ ತರಿಸಿಕೊಳ್ಳಿ. ಬಾಲಕ್ಕೆ ಮೆತ್ತನೆ ಹಾಳೆ ಒಂದು ಜೊತೆಗಿಟ್ಟುಕೊಳ್ಳಿ. ಚಕ್ರ ಇಳಿಸಿಯೂ ಕಟ್ಟಬಹುದು, ಮಡಚಿಯೂ ಕಟ್ಟಬಹುದು. ಮಡಚಿದರೆ ಹಗುರ, ಹಾರಾಟ ಚೆನ್ನ. ನಾನು ಇಳಿಸಿಯೇ ಕಟ್ಟಿದೆ, ತಾತನ ಮುಂಗೈ ನೆನಪಾಗಿ.

ಎರಡನೇ ಕಿಟ್ ಹೋದ ವಾರ ಬಂತು. ಈ ಸಲ ಪ್ಲಾನ್ ಬಿಡಿಸುವ ಮೊದಲೇ ತಕ್ಕಡಿ ತಂದು ಹಾಳೆಗಳನ್ನೆಲ್ಲ ತೂಗಿದ್ದೇನೆ. ಒಂದು 6 ಗ್ರಾಂ, ಇನ್ನೊಂದು 13.